‘ಅದು ಮೈನರ್ ಲೀಗ್ ತಾನೇ?’

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಶುರುವಾಗುವ ಪ್ರಶ್ನೆ ಇದು. “ಹರ್ಷಿ ಬೇರ್ಸ್ ಹೋಮ್ ಓಪನರ್‌ಗೆ ಟಿಕೆಟ್ ತಗೊಂಡ್ರಂತೆ? ಅದು ಮೈನರ್ ಲೀಗ್ ತಾನೇ? ಅದಕ್ಯಾಕೆ ಅಷ್ಟೊಂದು?” ಹರ್ಷಿ ಬೇರ್ಸ್ ಅಂದರೆ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಊರಿನ ಐಸ್ ಹಾಕಿ ತಂಡ; ಹೋಮ್ ಓಪನರ್ ಅಂದರೆ ಆ ಸೀಸನ್‌ನಲ್ಲಿ ಅವರು ತಮ್ಮೂರಲ್ಲಿ ಆಡುವ ಮೊದಲ ಪಂದ್ಯ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ.

ಮೊದಲು ಆ ‘ತಾನೇ’ ವಿಷಯ ಮುಗಿಸೋಣ. ‘ತಾನೇ’ ಹಚ್ಚಿದ ಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ಉತ್ತರ ಜೇಬಿನಲ್ಲೇ ಇದೆ, ನೀವು ತಲೆಯಾಡಿಸಿದರೆ ಸಾಕು ಎಂಬ ಮಾತು. ‘ಅದು ಸರ್ಕಾರಿ ಶಾಲೆ ತಾನೇ’, ‘ಅದು ಡಿಪ್ಲೊಮಾ ತಾನೇ’ ಅನ್ನುವ ಅದೇ ದನಿ. ಇನ್ನು ‘ಮೈನರ್’ ಕೇಳಿದ ಕೂಡಲೇ ನಮ್ಮವರಲ್ಲಿ ಅರ್ಧ ಜನ ಹದಿನೆಂಟು ತುಂಬದ ಹುಡುಗರ ಆಟ ಅಂದುಕೊಳ್ಳುತ್ತಾರೆ. ಅಲ್ಲ ಸ್ವಾಮಿ. ಸಂಬಳ ತಗೊಂಡು, ಹಲ್ಲು ಉದುರಿಸಿಕೊಂಡು, ಶುಕ್ರವಾರ ಶನಿವಾರ ಭಾನುವಾರ ಮೂರೂ ದಿನ ಸಾಲಾಗಿ ಆಡಿ, ನಡುವೆ ಬಸ್ಸಿನಲ್ಲಿ ನಿದ್ದೆ ಮಾಡುವ ಗಂಡಸರು ಅವರು.

ಬೇರ್ಸ್ ಆಡುವ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್, ಐಸ್ ಹಾಕಿಯ ಅತಿ ಮೇಲಿನ ಲೀಗಾದ ಎನ್‌ಎಚ್‌ಎಲ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. ಅಲ್ಲಿ 32 ತಂಡ, ಇಲ್ಲೂ 32. ಮೇಲಿನ ಒಂದೊಂದು ತಂಡಕ್ಕೂ ಕೆಳಗೊಂದು ಜೋಡಿ. ಹರ್ಷಿಯದು 2005ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್ ಜೊತೆ. ಬೇರ್ಸ್ ತಂಡ ಈ ಲೀಗಿಗೆ ಬಂದದ್ದು 1938ರಲ್ಲಿ. ಲೀಗಿನ ಚಾಂಪಿಯನ್‌ಗೆ ಸಿಗುವ ಕಾಲ್ಡರ್ ಕಪ್ 13 ಸಲ ಗೆದ್ದಿದೆ, ಕೊನೆಯ ಎರಡು 2023 ಮತ್ತು 2024ರಲ್ಲಿ, ಬೆನ್ನುಬೆನ್ನಿಗೆ. 2023–24ರ ಲೀಗ್ ಹಂತದ 72 ಪಂದ್ಯಗಳಲ್ಲಿ 53 ಗೆಲುವು, 111 ಅಂಕ. ನೀವು ಊರಿಂದ ಬಂದ ಅಪ್ಪ ಅಮ್ಮನನ್ನು ಚಾಕೊಲೇಟ್ ವರ್ಲ್ಡ್‌ಗೆ ಕರೆದುಕೊಂಡು ಹೋಗಿ, ಕಿಸ್ಸಸ್ ಚಾಕೊಲೇಟ್ ಆಕಾರದ ಬೀದಿದೀಪದ ಕೆಳಗೆ ನಿಲ್ಲಿಸಿ ಫೋಟೊ ತೆಗೆದು ವಾಪಸ್ ಬರುತ್ತೀರಲ್ಲ, ಅಲ್ಲೇ ಪಕ್ಕದಲ್ಲಿ ಬೇರ್ಸ್ ಆಡುವ ಜೈಂಟ್ ಸೆಂಟರ್ ಇದೆ. ಸುಮಾರು ಹತ್ತೂವರೆ ಸಾವಿರ ಸೀಟು. 2002ರವರೆಗೆ ಆಡುತ್ತಿದ್ದ ಹಳೆಯ ಅರೀನಾ ಕೂಡ ಅದೇ ಊರಲ್ಲಿದೆ. ವಿಲ್ಟ್ ಚೇಂಬರ್ಲೇನ್ 1962ರಲ್ಲಿ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಪಾಯಿಂಟ್ ಹೊಡೆದದ್ದು ಅಲ್ಲಿಯೇ.

“ಹಾಗಿದ್ರೆ ಆ ಟೆಡ್ಡಿ ಬೇರ್ ಎಸೆಯೋ ಮ್ಯಾಚ್‌ಗೆ ಕರ್ಕೊಂಡ್ ಹೋಗಿ” ಅನ್ನುವವರಿಗೆ: ಅದು ಬೇರೆ ದಿನ, ಚಳಿಗಾಲದ ನಡುವೆ. ಬೇರ್ಸ್ ಮೊದಲ ಗೋಲು ಹೊಡೆದ ಕೂಡಲೇ ಜನ ಗೊಂಬೆಗಳನ್ನು ಐಸ್ ಮೇಲೆ ಎಸೆಯುತ್ತಾರೆ, ಎಲ್ಲವೂ ದಾನಕ್ಕೆ ಹೋಗುತ್ತವೆ. 2025ರ ಜನವರಿಯಲ್ಲಿ ಬಿದ್ದ ಗೊಂಬೆಗಳು 1,02,343. ಚೆಂದವೇ. ಆದರೆ ಅವತ್ತು ನೀವು ನೋಡುವುದು ಗೊಂಬೆಗಳನ್ನು. ಆಟ ನೋಡಬೇಕಾದರೆ ಅಕ್ಟೋಬರ್‌ನ ಮೊದಲ ಹೋಮ್ ಮ್ಯಾಚ್‌ಗೆ ಬನ್ನಿ.

“ಅದರಲ್ಲಿ ನಮ್ಮವರು ಯಾರಾದ್ರೂ ಇದ್ದಾರಾ?” ಇದು ಎರಡನೇ ಪ್ರಶ್ನೆ, ತಪ್ಪದೇ ಬರುತ್ತದೆ. ಇದ್ದಾರೆ. 2025ರಲ್ಲಿ ಕಾಲ್ಡರ್ ಕಪ್ ಗೆದ್ದ ಅಬಾಟ್ಸ್‌ಫರ್ಡ್ ತಂಡದ ಕೋಚ್ ಮ್ಯಾನಿ ಮಲ್ಹೋತ್ರಾ, ಅದೇ ತಂಡದಲ್ಲಿ ಆಡಿದವನು ಅರ್ಶ್‌ದೀಪ್ ಬೈನ್ಸ್. ಇಬ್ಬರೂ ಕೆನಡಾದವರು, ಪಂಜಾಬಿ ಮೂಲ. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ ರಾಬಿನ್ ಬಾವಾ, 1989ರಲ್ಲಿ, ಅದೂ ಇದೇ ಕ್ಯಾಪಿಟಲ್ಸ್ ಪರ. ಕನ್ನಡದವರು? ಸೀಟಿನಲ್ಲಿ ಇದ್ದಾರೆ.

ಸರಿ, ಯಾಕಷ್ಟು? ಎಎಚ್‌ಎಲ್‌ನಲ್ಲಿ ಒಂದು ನಿಯಮವಿದೆ. ಗೋಲ್‌ಕೀಪರ್‌ಗಳನ್ನು ಬಿಟ್ಟು ಒಂದು ತಂಡ ಕಣಕ್ಕಿಳಿಸುವುದು 18 ಆಟಗಾರರನ್ನು. ಅವರಲ್ಲಿ 13 ಮಂದಿ ಇನ್ನೂ ಬೆಳೆಯುತ್ತಿರುವವರಾಗಿರಬೇಕು: 12 ಜನ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು, ಒಬ್ಬನಿಗೆ ಮಾತ್ರ 320ರವರೆಗೆ ರಿಯಾಯಿತಿ. ಉಳಿದ ಐದು ಜಾಗವಷ್ಟೇ ಪಳಗಿದವರಿಗೆ. ಹೀಗಾಗಿ ಪ್ರತಿ ಅಕ್ಟೋಬರ್‌ಗೂ ತಂಡದ ಬಹುಪಾಲು ಇನ್ನೂ ಹದಕ್ಕೆ ಬಾರದ ಹಿಟ್ಟು. ಅದರ ಮೇಲೆ ಕ್ಯಾಪಿಟಲ್ಸ್ ಕ್ಯಾಂಪಿನಿಂದ ಕೊನೆಗೆ ಕಳಿಸಿದವರು ಬಂದಿಳಿಯುವುದು ಓಪನರ್‌ಗೆ ಕೆಲವೇ ದಿನ ಇರುವಾಗ. ಪಳಗಿದ ಆಟಗಾರನಾದರೆ ಮೊದಲು 24 ಗಂಟೆ ವೇವರ್ಸ್‌ನಲ್ಲಿ, ಅಂದರೆ ಬೇರೆ ಎನ್‌ಎಚ್‌ಎಲ್ ತಂಡಗಳು ಬೇಕಾದರೆ ಎತ್ತಿಕೊಳ್ಳಬಹುದಾದವರ ಪಟ್ಟಿಯಲ್ಲಿ, ಕೂರಬೇಕು. ಬೇರೆ ತಂಡ ಎತ್ತಿಕೊಂಡರೆ ಹರ್ಷಿಗೆ ಬರುವುದೇ ಇಲ್ಲ. ಅವತ್ತು ರಾತ್ರಿ ನಿಮ್ಮ ಮುಂದೆ ಆಡುವ ಪವರ್ ಪ್ಲೇ ಐವರು (ಎದುರಾಳಿಯೊಬ್ಬ ಪೆನಾಲ್ಟಿಯಲ್ಲಿ ಹೊರಗೆ ಕೂತಾಗ ಆಡುವವರು) ಒಟ್ಟಿಗೆ ಎರಡೋ ಮೂರೋ ಪ್ರಾಕ್ಟೀಸ್ ಮಾಡಿದವರಿರಬಹುದು. ಪಾಸ್ ಖಾಲಿ ಜಾಗಕ್ಕೆ ಹೋಗುತ್ತದೆ, ಜನ ಉಸ್ಸೆನ್ನುತ್ತಾರೆ. ಕೊಟ್ಟವನ ತಪ್ಪಲ್ಲ ಅದು. ಹೋದ ವರ್ಷ ಆ ಜಾಗದಲ್ಲಿ ನಿಂತಿರುತ್ತಿದ್ದವನು ಈಗ ಮೇಲಿದ್ದಾನೆ.

ಹೀಗೆ ಮೇಲೆ ಹೋದವರಲ್ಲಿ ಒಬ್ಬ ಜೇ ಬೀಗಲ್. ಎನ್‌ಎಚ್‌ಎಲ್ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನನ್ನು ಯಾವ ತಂಡವೂ ಆರಿಸಿರಲಿಲ್ಲ. ಇನ್ನೂ ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್‌ನಲ್ಲಿ 2007ರಲ್ಲಿ ಕೆಲ್ಲಿ ಕಪ್, ಹರ್ಷಿಯಲ್ಲಿ 2009 ಮತ್ತು 2010ರಲ್ಲಿ ಕಾಲ್ಡರ್ ಕಪ್, ವಾಷಿಂಗ್ಟನ್‌ನಲ್ಲಿ 2018ರಲ್ಲಿ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್. ಮೂರನ್ನೂ ಗೆದ್ದ ಮೊದಲ ಆಟಗಾರ ಅವನು. 2018ರಲ್ಲಿ ಗೋಲು ಕಾದ ಬ್ರೇಡನ್ ಹೋಲ್ಟ್‌ಬಿ ಕೂಡ ಹರ್ಷಿಯಲ್ಲಿ ಪಳಗಿದವನೇ. ಚಿನ್ನಸ್ವಾಮಿಯಲ್ಲಿ ರಣಜಿ ನೋಡಲು ಕೂತವನನ್ನು ‘ಅದು ರಣಜಿ ತಾನೇ’ ಅಂತ ಕೇಳಿ ನೋಡಿ, ಏನು ಹೇಳುತ್ತಾನೆ ಅಂತ.

ಇಷ್ಟು ಸಾಕು. ನಿಜ ಹೇಳಬೇಕೆಂದರೆ ಇದುವರೆಗೆ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ: ಓಪನರ್ ರಾತ್ರಿ ಪಕ್, ಅಂದರೆ ಚೆಂಡಿನ ಬದಲು ಆಡುವ ಬಿಲ್ಲೆ, ಯಾಕೆ ಅಷ್ಟು ಕುಣಿಯುತ್ತದೆ? ಕೇಳದಿದ್ದರೂ ಹೇಳುತ್ತೇನೆ.

200 ಅಡಿ ಉದ್ದ, 85 ಅಡಿ ಅಗಲದ ಕಾಂಕ್ರೀಟ್ ಹಾಸು. ಅದರೊಳಗೆ ಉದ್ದಕ್ಕೂ ಕೊಳವೆಗಳು, ಕೊಳವೆಗಳಲ್ಲಿ ಹೆಪ್ಪುಗಟ್ಟದ ಉಪ್ಪುನೀರು ಅಥವಾ ಗ್ಲೈಕಾಲ್ ಹರಿಯುತ್ತದೆ. ಕಾಂಕ್ರೀಟ್ ತಣ್ಣಗಾದ ಮೇಲೆ ನೀರನ್ನು ಮಂಜಿನ ಹಾಗೆ ಸಿಂಪಡಿಸಿ ತೆಳು ಪದರ ಕಟ್ಟುತ್ತಾರೆ, ಕಾಗದದಷ್ಟು. ಅದರ ಮೇಲೆ ಬಿಳಿ ಬಣ್ಣ. ಬಣ್ಣ ಹಾಕದಿದ್ದರೆ ಕಾಂಕ್ರೀಟಿನ ಬೂದು ಕಂಡು ಪಕ್ ಕಾಣುವುದಿಲ್ಲ. ಮತ್ತೆ ತೆಳು ಪದರ, ಗೆರೆಗಳು, ಲೋಗೋಗಳು, ಮತ್ತೆ ಪದರದ ಮೇಲೆ ಪದರ. ಕೊನೆಗೆ ಒಟ್ಟು ದಪ್ಪ ಒಂದರಿಂದ ಒಂದೂಕಾಲು ಇಂಚು. ಆತುರಪಟ್ಟು ಒಮ್ಮೆಗೇ ನೀರು ಸುರಿದರೆ ಗಾಳಿ ಸಿಕ್ಕಿಕೊಂಡು ಐಸ್ ಟೊಳ್ಳಾಗುತ್ತದೆ, ಸ್ಕೇಟಿನ ಅಲಗು ತಾಗಿದ ಕಡೆ ಚಕ್ಕೆ ಏಳುತ್ತದೆ. ದಪ್ಪ ಜಾಸ್ತಿಯಾದರೆ ಕೆಳಗಿನ ತಂಪು ಮೇಲಕ್ಕೆ ಮುಟ್ಟದೆ ಮೇಲ್ಮೈ ಮೆತ್ತಗಾಗುತ್ತದೆ. ಹಾಕಿಗೆ ಬೇಕಾದ ಮೇಲ್ಮೈ ಉಷ್ಣತೆ ಮೈನಸ್ 4, 5 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ಈಗ ಅಕ್ಟೋಬರ್ ಸಂಜೆ ಬಾಗಿಲು ತೆರೆಯಿರಿ. ಪೆನ್ಸಿಲ್ವೇನಿಯಾದಲ್ಲಿ ಆ ಹೊತ್ತಿಗೆ ಒಮ್ಮೊಮ್ಮೆ ಹೊರಗಡೆ ಇನ್ನೂ ಬೆಚ್ಚಗೆ, ಗಾಳಿಯಲ್ಲಿ ತೇವ. ಬಾಗಿಲು ಗಂಟೆಗಟ್ಟಲೆ ಮುಚ್ಚುವುದೇ ಇಲ್ಲ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. ಹತ್ತು ಸಾವಿರ ಜನ ಕೂತರೆ ಹತ್ತು ಲಕ್ಷ ವ್ಯಾಟ್. ಉಸಿರಿನ ತೇವ ಬೇರೆ. ಆ ತೇವ ತಣ್ಣನೆಯ ಐಸ್ ಮೇಲೆ ಕೂತು ಸಣ್ಣ ಹಿಮದ ಪುಡಿಯಾಗುತ್ತದೆ. ಜನವರಿಯಲ್ಲಿ ಹೊರಗಿನ ಗಾಳಿ ಒಣಗಿರುವುದರಿಂದ ಈ ತಾಪತ್ರಯ ಕಡಿಮೆ. ಕಪ್ ಗೆದ್ದ ಮರುವರ್ಷವಾದರೆ ಇದರ ಮೇಲೆ ಬ್ಯಾನರ್ ಏರಿಸುವ ಸಮಾರಂಭ: ಐಸ್ ಮೇಲೆ ಕಾರ್ಪೆಟ್, ದೀಪ, ಹೊಗೆ, ಭಾಷಣ. ಕಾರ್ಪೆಟ್ ಎತ್ತಿದ ಜಾಗದಲ್ಲಿ ನಾರು ಅಂಟಿಕೊಂಡಿರುತ್ತದೆ. ವಾರ್ಮ್ ಅಪ್ ಮುಗಿಸಿ ಬೆವತ ಆಟಗಾರರು ನಿಂತಲ್ಲೇ ತಣ್ಣಗಾಗುತ್ತಾರೆ.

ಪಕ್ ಅಂದರೆ ಮೂರು ಇಂಚು ಅಡ್ಡಗಲ, ಒಂದು ಇಂಚು ದಪ್ಪ, ಸುಮಾರು 160 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ರಬ್ಬರ್ ಬೆಚ್ಚಗಾದರೆ ಪುಟಿಯುತ್ತದೆ. ಅದಕ್ಕೇ ಪಕ್‌ಗಳನ್ನು ಫ್ರೀಜ್ ಮಾಡಿ ಇಡುತ್ತಾರೆ, ಆಟದ ನಡುವೆ ಬದಲಾಯಿಸುತ್ತಿರುತ್ತಾರೆ. ಮೆತ್ತನೆಯ ಐಸ್, ಮೇಲೆ ಪುಡಿ, ಅದರ ಮೇಲೆ ಬೆಚ್ಚಗಾದ ಪಕ್: ಪಂದ್ಯದ ಮೂರು ಪಿರಿಯಡ್‌ಗಳಲ್ಲಿ ಒಂದೊಂದರ 20 ನಿಮಿಷದಲ್ಲಿ ಕೊನೆಯ ಐದು ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಆಗ ಚುರುಕಾದ ಪಾಸ್ ಕೊಡಲು ಹೋಗುವ ಹುಡುಗ ಪಕ್ ಕಳೆದುಕೊಳ್ಳುತ್ತಾನೆ; ಅನುಭವಸ್ಥ ಅದನ್ನು ಕಣದ ಸುತ್ತಲಿನ ಗ್ಲಾಸಿಗೆ ಬಡಿದು ತನ್ನ ಗೋಲಿನಿಂದ ದೂರ ಕಳಿಸುತ್ತಾನೆ. ನೋಡುವವರಿಗೆ ಎರಡನೆಯದು ದಡ್ಡತನ ಅನ್ನಿಸುತ್ತದೆ, ಬೆಂಚಿನಲ್ಲಿ ಮಾತ್ರ ಅವನಿಗೇ ಬೆನ್ನು ತಟ್ಟುವುದು.

ವಿರಾಮದಲ್ಲಿ ಐಸ್ ನುಣುಪು ಮಾಡುವ ಗಾಡಿ, ಜಾಂಬೋನಿ, ಬರುತ್ತದೆ. ಅಲಗಿನಿಂದ ಮೇಲ್ಮೈ ಹೆರೆದು ಪುಡಿ ಎತ್ತಿಕೊಂಡು, ಹಿಂದಿನಿಂದ ಬಿಸಿನೀರನ್ನು ತೆಳ್ಳಗೆ ಸವರುತ್ತದೆ. ಬಿಸಿನೀರೇ ಯಾಕೆ ಅಂದರೆ, ಅದು ಗೀರುಗಳ ಅಂಚನ್ನು ಒಂದಿಷ್ಟು ಕರಗಿಸಿ ಹಳೆ ಐಸ್ ಜೊತೆ ಬೆಸೆಯುತ್ತದೆ, ಅದರಲ್ಲಿ ಕರಗಿದ ಗಾಳಿಯೂ ಕಮ್ಮಿ. ಹೆಪ್ಪುಗಟ್ಟಲು ಅದಕ್ಕೆ ಕೆಲವು ನಿಮಿಷ ಬೇಕು. ಆದರೆ ಓಪನರ್ ರಾತ್ರಿ ವಿರಾಮದಲ್ಲಿ ಪುಟ್ಟ ಮಕ್ಕಳ ಆಟ, ಪಕ್ ಎಸೆಯುವ ಸ್ಪರ್ಧೆ, ಪ್ರಾಯೋಜಕರ ಮಾತು ಎಲ್ಲ ತುರುಕಿರುತ್ತಾರೆ. ಜಾಂಬೋನಿ ತಡವಾಗಿ ಹೊರಟರೆ ಆಟ ಮತ್ತೆ ಶುರುವಾಗುವ ಫೇಸ್ ಆಫ್ ಹೊತ್ತಿಗೂ ಐಸ್ ಮೇಲೆ ನೀರು ಮಿನುಗುತ್ತಿರುತ್ತದೆ. ಎರಡನೇ ಪಿರಿಯಡ್‌ನ ಮೊದಲ ನಿಮಿಷದಲ್ಲಿ ಪಕ್ ನೀರಿಗೆ ಅಂಟಿದಂತೆ ತಡೆದರೆ, ಬೈಯಬೇಕಾದ್ದು ಆಟಗಾರನನ್ನಲ್ಲ.

ಎರಡನೇ ಪಿರಿಯಡ್‌ನಲ್ಲಿ ಇನ್ನೊಂದು ನೋಡಿ. ಒಂದು ಮತ್ತು ಮೂರನೇ ಪಿರಿಯಡ್‌ನಲ್ಲಿ ತಂಡಗಳು ತಮ್ಮ ಬೆಂಚಿಗೆ ಹತ್ತಿರವಿರುವ ಗೋಲನ್ನು ಕಾಯುತ್ತವೆ. ಎರಡನೆಯದರಲ್ಲಿ ದಿಕ್ಕು ಬದಲು. ದಣಿದ ಡಿಫೆನ್ಸ್‌ಮನ್ ಬದಲಿಯಾಗಬೇಕಾದರೆ ನಡುಗೆರೆ ದಾಟಿ ಬೆಂಚ್ ಮುಟ್ಟಬೇಕು. ಹೊಸ ತಂಡ ಇಲ್ಲೇ ಎಡವುವುದು. ಒಬ್ಬ ಬೆಂಚಿಗೆ ಬರುವ ಮುಂಚೆ ಇನ್ನೊಬ್ಬ ಇಳಿದು, ಐಸ್ ಮೇಲೆ ಗೋಲ್‌ಕೀಪರ್ ಬಿಟ್ಟು ಐವರ ಬದಲು ಆರು ಜನವಾಗಿ, ಎರಡು ನಿಮಿಷದ ಪೆನಾಲ್ಟಿ. ಇಲ್ಲವೇ ಬದಲಾಗಲು ಆಗದೆ ಒಂದೂವರೆ ನಿಮಿಷ ಸಿಕ್ಕಿಕೊಂಡ ಐವರು ಕಾಲೆಳೆಯುತ್ತಾ ಗೋಲು ಬಿಟ್ಟುಕೊಡುತ್ತಾರೆ.

ಬರುವ ಮನಸ್ಸಿದ್ದರೆ ಇಷ್ಟು ಮಾಡಿ. ಬೇರ್ಸ್ ಎರಡು ಪಿರಿಯಡ್ ದಾಳಿ ಮಾಡುವುದು ಅವರ ಬೆಂಚಿನಿಂದ ದೂರದ ಗೋಲಿನ ಮೇಲೆ, ಹಾಗಾಗಿ ಸೀಟು ಆ ತುದಿಯಲ್ಲಿರಲಿ. ಗ್ಲಾಸಿಗೆ ಅಂಟಿದ ಮೊದಲ ಸಾಲು ಬೇಡ. ಸದ್ದು ಚೆನ್ನಾಗಿ ಕೇಳುತ್ತದೆ, ಆಚೆ ತುದಿಯಲ್ಲಿ ಏನಾಯಿತೆಂದು ತಿಳಿಯುವುದಿಲ್ಲ. ಹತ್ತು ಹದಿನೈದು ಸಾಲು ಮೇಲೆ ಕೂತರೆ ಐವರೂ ಒಟ್ಟಿಗೆ ಕಾಣುತ್ತಾರೆ. ಗೋಲಿನ ಹಿಂದೆ ಬಲೆ ಇರುತ್ತದೆ, ಪಕ್ಕದ ಸೀಟುಗಳ ಮುಂದೆ ಇಲ್ಲ. 2002ರಲ್ಲಿ ಕೊಲಂಬಸ್‌ನ ಎನ್‌ಎಚ್‌ಎಲ್ ಪಂದ್ಯದಲ್ಲಿ ಪಕ್ ತಗುಲಿ 13 ವರ್ಷದ ಹುಡುಗಿ ತೀರಿಕೊಂಡ ಮೇಲೆ ಬಂದ ಬಲೆ ಅದು. ಪಕ್ಕದಲ್ಲಿ ಕೂತರೆ ಆಟ ನಡೆಯುವಾಗ ಫೋನ್ ನೋಡಬೇಡಿ. ಹೊರಗೆ ಎಷ್ಟೇ ಬೆಚ್ಚಗಿರಲಿ ಸ್ವೆಟರ್ ತನ್ನಿ, ಅಮ್ಮ ಬಂದರೆ ಶಾಲು ಕೂಡ. ಪಂದ್ಯಕ್ಕೆ ಮುಕ್ಕಾಲು ಗಂಟೆ ಮೊದಲೇ ಕೂತುಬಿಡಿ, ವಾರ್ಮ್ ಅಪ್ ತಪ್ಪಿಸಬೇಡಿ. ಅದರ ಕೊನೆಗೆ ಆಟಗಾರರು ಮೂರು ಮೂರು ಜನರಾಗಿ ನುಗ್ಗಿ ಬರುತ್ತಾರೆ. ಅದೇ ಅವತ್ತಿನ ನಾಲ್ಕು ಲೈನ್, ಅಂದರೆ ದಾಳಿಗೆ ಒಟ್ಟಿಗೆ ಇಳಿಯುವ ಮೂವರ ಗುಂಪುಗಳು. ಕೈಯಲ್ಲಿರುವ ಪಟ್ಟಿ ಹಳೆಯದಿರಬಹುದು, ಈ ನುಗ್ಗಾಟ ಸುಳ್ಳು ಹೇಳುವುದು ಕಡಿಮೆ. ಎಲ್ಲಿಯೂ ಸೇರದೆ ಒಬ್ಬನೇ ಉಳಿದವನನ್ನು ಕಂಡರೆ, ಅವನು ಬಹುಶಃ ಅವತ್ತು ಕೋಟು ಹಾಕಿಕೊಂಡು ಮೇಲೆ ಕೂತು ನೋಡುವವನು.

ಪಕ್ ಕಾಣಿಸುವುದಿಲ್ಲ ಅಂತ ಗೊಣಗಬೇಡಿ. ಪಕ್ ಹುಡುಕುವುದನ್ನು ಬಿಟ್ಟು ಆಟಗಾರರ ತಲೆ ಎತ್ತ ತಿರುಗುತ್ತದೆ ನೋಡಿ, ಹತ್ತು ನಿಮಿಷದಲ್ಲಿ ಕಣ್ಣು ಪಳಗುತ್ತದೆ.

ಒಂದೇ ಒಂದು ತಪ್ಪು ಮಾಡಬೇಡಿ: ಮೊದಲ ರಾತ್ರಿಯ ಉತ್ಸಾಹದಲ್ಲಿ ಎರಡು ಗೋಲು ಹೊಡೆದ ಹುಡುಗನ ಹೆಸರು ಹಾಕಿಸಿ ಜೆರ್ಸಿ ಕೊಳ್ಳುವುದು. ಎನ್‌ಎಚ್‌ಎಲ್ ಒಪ್ಪಂದದಲ್ಲಿರುವವನನ್ನು ವಾಷಿಂಗ್ಟನ್ ಯಾವಾಗ ಬೇಕಾದರೂ ಕರೆಸಿಕೊಳ್ಳುತ್ತದೆ, ಹೊಲಿಗೆ ಮುಗಿಯುವ ಮೊದಲೇ. ಹೆಸರು ಬೇಕೇ ಬೇಕೆಂದರೆ ಎಎಚ್‌ಎಲ್ ಒಪ್ಪಂದದಲ್ಲಿರುವ ಹಳಬನೊಬ್ಬನದು ಹಾಕಿಸಿ. ಹೊಸ ಕರಾರು ಬರೆಯದೆ ಅವನನ್ನು ಮೇಲೆ ಕರೆಯುವಂತಿಲ್ಲ. ಇಲ್ಲವಾದರೆ ಚಾಕೊಲೇಟ್ ಬಣ್ಣದ್ದು ತಗೊಳ್ಳಿ, ಬೆನ್ನು ಖಾಲಿ ಇರಲಿ.