ಈಜಿಪ್ಟ್ ಪರವಾಗಿ ಮೈಸೂರಿಗೆ

ಮೈಸೂರಿನ ಮಾದರಿ ವಿಶ್ವಸಂಸ್ಥೆ ಸಮ್ಮೇಳನದಲ್ಲಿ, ಅಂದರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ವಾದಿಸುವ ಸಭೆಯಲ್ಲಿ, ನನಗೆ ಸಿಕ್ಕ ದೇಶ ಈಜಿಪ್ಟ್. ಚರ್ಚೆಯ ವಿಷಯ ನೈಲ್ ನದಿ ನೀರಿನ ಹಂಚಿಕೆ. ಮಂಡ್ಯದ ಹುಡುಗ ನದಿಯ ಕೆಳಪಾತ್ರದವರ ಪರವಾಗಿ ವಾದಿಸಬೇಕು! ಕಾವೇರಿಗಾಗಿ ಸಂಜಯ ವೃತ್ತದಲ್ಲಿ ಧರಣಿ ಕುಳಿತಿದ್ದ ಅಪ್ಪ, "ಎದುರು ಪಕ್ಷದ ವಕೀಲನಾಗಿ ಹೊರಟೆಯೇನಪ್ಪಾ?" ಎಂದರು. ಆದರೂ ರಾತ್ರಿ ಲೆಕ್ಕ ಹಾಕಲು ಜೊತೆಗೆ ಕುಳಿತವರು ಅವರೇ. ನೀಲಿ ನೈಲ್‌ಗೆ ಇಥಿಯೋಪಿಯಾ 2011ರಲ್ಲಿ ಕಟ್ಟಲು ತೊಡಗಿದ ಅಣೆಕಟ್ಟಿನ ಸಾಮರ್ಥ್ಯ 74 ಶತಕೋಟಿ ಘನ ಮೀಟರ್. ನಮ್ಮ ಭಾಷೆಯಲ್ಲಿ ಸುಮಾರು 2,600 ಟಿಎಂಸಿ. 49 ಟಿಎಂಸಿಯ ಕೆಆರ್‌ಎಸ್‌ನಂಥವು ಐವತ್ತಕ್ಕೂ ಹೆಚ್ಚು! "ಅಷ್ಟನ್ನು ತುಂಬಿಸುವಾಗ ಕೆಳಗಿನವರ ಗತಿ?" ಎಂದು ಅಪ್ಪನೇ ಕೇಳಿದರು. ನನ್ನ ಮೊದಲ ಭಾಷಣ ಆ ಪ್ರಶ್ನೆಯಿಂದಲೇ ಶುರುವಾಯಿತು.

ಬೆಳಗಿನ ರೈಲು ಹಿಡಿದೆವು. ಆಗಸ್ಟ್ ತಿಂಗಳು, ನಾಲೆಯಲ್ಲಿ ನೀರಿತ್ತು, ಹಳಿಯ ಎರಡೂ ಕಡೆ ನಾಟಿ ನಡೆಯುತ್ತಿತ್ತು. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ಎರಡು ಕವಲುಗಳನ್ನು ಹಾಯುವಾಗ ಕೈಯಲ್ಲಿದ್ದ ನೈಲ್ ನಕ್ಷೆಯನ್ನು ಮಡಿಸಿಟ್ಟು ಹೊರಗೆ ನೋಡಿದೆ. ಕೋಟೆ, ನದಿ, ಹಸಿರು ಗದ್ದೆ. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದರೂ ನನಗೆ ಸಾಕೆನಿಸಿಲ್ಲ.

ಸಭೆ ನಡೆದದ್ದು ಮಾನಸಗಂಗೋತ್ರಿಯ ಕಡೆಯ ಒಂದು ಕಾಲೇಜಿನಲ್ಲಿ. ಅಲ್ಲಿ ಯಾರೂ ತಮ್ಮ ಹೆಸರಿನಲ್ಲಿ ಮಾತನಾಡುವಂತಿಲ್ಲ. ದೇಶದ ಫಲಕ ಎತ್ತಬೇಕು, ಅಧ್ಯಕ್ಷರು ಕರೆದಾಗ ಕೊಟ್ಟ ಸಮಯದೊಳಗೆ ಮುಗಿಸಬೇಕು. ಇಥಿಯೋಪಿಯಾದ ಪ್ರತಿನಿಧಿಯಾಗಿದ್ದವಳು ಮೈಸೂರಿನ ವಿದ್ಯಾರ್ಥಿನಿ. ಎದ್ದವಳೇ ಈಜಿಪ್ಟ್ ಮತ್ತು ಸುಡಾನ್ ನಡುವಿನ 1959ರ ನೈಲ್ ಒಪ್ಪಂದವನ್ನು ಹಿಡಿದುಕೊಂಡಳು. ಈಜಿಪ್ಟ್‌ಗೆ 55.5 ಶತಕೋಟಿ ಘನ ಮೀಟರ್, ಸುಡಾನ್‌ಗೆ 18.5, ನೀರು ಹುಟ್ಟುವ ಇಥಿಯೋಪಿಯಾವನ್ನು ಯಾರೂ ಕೇಳಲೇ ಇಲ್ಲ ಎಂದಳು. ನನ್ನ ಮೈ ಬಿಸಿಯಾಯಿತು. 1924ರ ಮದರಾಸು–ಮೈಸೂರು ಕಾವೇರಿ ಒಪ್ಪಂದದ ಬಗ್ಗೆ ನಮ್ಮೂರ ಕಟ್ಟೆಯ ಮೇಲೆ ಕೇಳಿ ಬೆಳೆದ ಸಂಕಟವೇ ಅವಳ ದನಿಯಲ್ಲಿತ್ತು. ನಾನೋ ಅದಕ್ಕೆ ಉತ್ತರ ಕೊಡಬೇಕಾದವನು. 1997ರ ಅಂತರರಾಷ್ಟ್ರೀಯ ಜಲಮಾರ್ಗಗಳ ಒಡಂಬಡಿಕೆಯಲ್ಲಿ ಇತರ ದೇಶಗಳಿಗೆ ಗಣನೀಯ ಹಾನಿ ಮಾಡಬಾರದು ಎಂಬ ವಿಧಿಯಿದೆ ಎಂದೆ. ಅದೇ ಒಡಂಬಡಿಕೆಯಲ್ಲಿ ನ್ಯಾಯಯುತ ಬಳಕೆಯ ವಿಧಿಯೂ ಇದೆ ಎಂದು ಅವಳು ತಿರುಗಿಸಿದಳು. ಆ ಒಡಂಬಡಿಕೆ ಮತಕ್ಕೆ ಬಂದ ದಿನ ನಿಮ್ಮ ಎರಡೂ ದೇಶಗಳು ತಟಸ್ಥವಾಗಿ ಉಳಿದಿದ್ದವಲ್ಲ ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬರು ನೆನಪಿಸಿದರು.

ಕಲಾಪವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯಿಂದ ಬಂದಿದ್ದ ಹಲವರು ವಿಷಯ ತಿಳಿದಿದ್ದೂ ಫಲಕ ಎತ್ತಲು ಹಿಂಜರಿದದ್ದು ನನಗೆ ನಿಜವಾಗಿ ನೋವು ತಂದಿತು. ಬಿಡುವು ಸಿಕ್ಕಿದ ಕೂಡಲೇ ಎಲ್ಲರ ಬಾಯಲ್ಲೂ ಕನ್ನಡ, ಎಲ್ಲರ ಬಳಿಯೂ ಒಂದೊಂದು ಸಲಹೆ. ಊಟವಾದ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ಕರಡು ನಿರ್ಣಯದ ಗಂಟು ಬಿಡಿಸಿದೆವು. ಮಳೆ ಚೆನ್ನಾಗಿ ಬಂದ ವರ್ಷ ಜಗಳವೇ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷಕ್ಕೆ ಸೂತ್ರ ಬೇಕು ಎಂದೆ. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು, ಕೊರತೆಯಾದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು ಎನ್ನುತ್ತದೆ. ಕೊರತೆಯನ್ನು ಅಳೆಯುವುದು ಹೇಗೆ ಎಂಬಲ್ಲಿ ತಕರಾರು ಎಂದು ವಿವರಿಸಿದೆ. ಇಥಿಯೋಪಿಯಾದವಳು ನಿಂತು ಕೇಳಿದಳು. ಒಳಹರಿವು, ಸಂಗ್ರಹ, ಹೊರಹರಿವು ಮೂರನ್ನೂ ಪ್ರತಿದಿನ ಎಲ್ಲ ದೇಶಗಳಿಗೆ ತೆರೆದಿಡಬೇಕು ಎಂಬ ವಾಕ್ಯವನ್ನು ಬರೆದದ್ದು ಅವಳೇ.

ನಿರ್ಣಯ ಅಂಗೀಕಾರವಾಯಿತು. ಅದರ ಪರ ಎದ್ದ ಫಲಕಗಳಲ್ಲಿ ಇಥಿಯೋಪಿಯಾದ್ದೂ ಇತ್ತು.

ಮಂಡ್ಯದಲ್ಲಿ ಇಂಥದೇ ಸಭೆಯನ್ನು ಪೂರ್ತಿ ಕನ್ನಡದಲ್ಲಿ ನಡೆಸಲು ಅನುಮತಿ ಕೋರಿ ಗೆಳೆಯರೆಲ್ಲ ಸೇರಿ ನಮ್ಮ ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇವೆ. ವಿಷಯ ಕಾವೇರಿ; ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ, ನಾಲ್ಕೂ ಕಡೆಯವರಾಗಿ ನಾವೇ ಕೂರಬೇಕು. ತಮಿಳುನಾಡಿನ ಫಲಕ ನನಗೆ ಕೊಡಿ ಎಂದು ಈಗಲೇ ಕೇಳಿದ್ದೇನೆ.