ಮಂಡಿನೋವಿಗೆ ಮೊದಲು ಬೇಕಾದದ್ದು ಅಳತೆ ಟೇಪು

ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯಲ್ಲಿ ಎಣ್ಣೆ, ಮಾತ್ರೆ, ಮಂಡಿಪಟ್ಟಿಗಳ ಹುಡುಕಾಟ ಶುರುವಾಗುತ್ತದೆ. ಅದಕ್ಕೂ ಮೊದಲು ಅಳತೆ ಟೇಪು ಹುಡುಕಿ. ನಮ್ಮಲ್ಲಿ ಅರ್ಧ ಕೆಲಸ ನೆಲಮಟ್ಟದಲ್ಲೇ: ಈಳಿಗೆಮಣೆ, ರಂಗೋಲಿ, ನೆಲ ಒರೆಸುವುದು, ಇಂಡಿಯನ್ ಟಾಯ್ಲೆಟ್ಟು. ಕುಕ್ಕರುಗಾಲಲ್ಲಿ ಕೂತಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ನಡೆಯುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ದಿನವೆಲ್ಲ ಹಾಗೆ ಕೂತೆದ್ದು ರಾತ್ರಿ ಎಣ್ಣೆ ತಿಕ್ಕಿದರೆ ಏನುಪಯೋಗ?

ಕುರ್ಚಿಯಲ್ಲಿ ಕೂತಾಗ ಸೊಂಟ ಮಂಡಿಗಿಂತ ಒಂದೆರಡು ಇಂಚು ಮೇಲಿರಬೇಕು. ಸಾಧಾರಣ ಎತ್ತರದವರಿಗೆ 18ರಿಂದ 20 ಇಂಚಿನ ಕುರ್ಚಿ ಸರಿಹೋಗುತ್ತದೆ. ಸೋಫಾವನ್ನು ಖಾಲಿ ಇದ್ದಾಗ ಅಳೆಯಬೇಡಿ, ಯಾರಾದರೂ ಕೂತಾಗ ಅಳೆಯಿರಿ. ಮೆತ್ತೆ ಕುಗ್ಗಿ ಮೂರು ನಾಲ್ಕು ಇಂಚು ಮಾಯವಾಗಿರುತ್ತದೆ. ಏಳುವಾಗ ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕೈಯೂರಿ ಏಳಿ. ಬೆನ್ನು ನೆಟ್ಟಗಿಟ್ಟು ಏಳಲು ಹೋದರೆ ಪೂರ್ತಿ ಭಾರ ಮಂಡಿಯ ಮೇಲೆಯೇ.

ಟಾಯ್ಲೆಟ್ಟು ಒಡೆಸಿ ಕಟ್ಟಿಸುವಷ್ಟು ದುಡ್ಡಿಲ್ಲದಿದ್ದರೆ ಇಂಡಿಯನ್ ಬೇಸಿನ್ನಿನ ಮೇಲೆ ಇಡುವ, ನಡುವೆ ತೂತಿರುವ ಕಮೋಡ್ ಸ್ಟೂಲು ಸಾಕು. ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಇದೆಯೇ, ಅದು ಸವೆದಿಲ್ಲವೇ ಎಂದು ತಿಂಗಳಿಗೊಮ್ಮೆ ನೋಡಿ. ಬುಷ್ ಸವೆದ ಸ್ಟೂಲು ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಪಕ್ಕದ ಗೋಡೆಗೆ ಹಿಡಿಕೆ ಬೇಕೇ ಬೇಕು. ಟವೆಲ್ ರಾಡು ಹಿಡಿಕೆಯಲ್ಲ. ಮೈಭಾರ ಬಿದ್ದರೆ ಸ್ಕ್ರೂ ಸಮೇತ ಕಿತ್ತು ಕೈಗೆ ಬರುತ್ತದೆ.

ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಕೋಲು ಹಿಡಿಯುವ ಕೈಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ಮುಂದೆ ಹೋಗಬೇಕು. ನೋಯುವ ಕಡೆಯೇ ಹಿಡಿದರೆ ಮೈ ಅತ್ತಲೇ ವಾಲುತ್ತದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬಂದರೆ ಎತ್ತರ ಸರಿಯಿದೆ ಎಂದರ್ಥ.

ಇನ್ನು ವ್ಯಾಯಾಮ. ನೋವೆಂದು ಕಾಲಾಡಿಸದಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಅದು ತಡೆಯಬೇಕಿದ್ದ ಪೆಟ್ಟೆಲ್ಲ ಕೀಲಿಗೆ ಬೀಳುತ್ತದೆ. ಅಂಗಾತ ಮಲಗಿ ಒಂದು ಮಂಡಿ ಮಡಚಿಡಿ. ಇನ್ನೊಂದು ಕಾಲಿನ ತೊಡೆ ಬಿಗಿಮಾಡಿ, ಪಾದವನ್ನು ನಿಮ್ಮತ್ತ ಎಳೆದುಕೊಂಡು, ಮಂಡಿ ಬಗ್ಗಿಸದೆ ನೆಲದಿಂದ ಒಂದಡಿಯಷ್ಟು ಎತ್ತಿ. ಐದು ಸೆಕೆಂಡು ಹಿಡಿದು ನಿಧಾನಕ್ಕೆ ಇಳಿಸಿ. ಹತ್ತು ಸಲ, ಎರಡೂ ಕಾಲಿಗೆ, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬೇಡಿ, ಬಿಪಿ ಏರುತ್ತದೆ. ಬಾಯಲ್ಲಿ ಎಣಿಸುತ್ತಿದ್ದರೆ ಉಸಿರು ತಾನೇ ಆಡುತ್ತದೆ. ಫಲ ಕಾಣಲು ಆರೆಂಟು ವಾರ ಬೇಕು, ಎರಡನೇ ವಾರಕ್ಕೇ ಕೈಬಿಡುವವರೇ ಜಾಸ್ತಿ. ಮಾಡಿದ ಮೇಲೆ ಹೆಚ್ಚಾದ ನೋವು ಎರಡು ಗಂಟೆಯೊಳಗೆ ಇಳಿದರೆ ಸರಿ. ಮರುದಿನವೂ ಉಳಿದರೆ ಲೆಕ್ಕ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ರಾತ್ರಿ ಮಂಡಿಯಡಿ ದಿಂಬಿಟ್ಟರೆ ಹಾಯೆನಿಸುವುದು ನಿಜ, ಆದರೆ ದಿನಾ ಇಟ್ಟರೆ ಕಾಲು ಪೂರ್ತಿ ನೀಳವಾಗುವುದೇ ತಪ್ಪಿಹೋಗುತ್ತದೆ.

ಯುಗಾದಿ, ದೀಪಾವಳಿ ಹತ್ತಿರ ಬಂದಾಗ ನಡೆಯುವುದು ಬೇರೆ ಕತೆ. ನೋವು ಕಡಿಮೆಯಿರುವ ಒಂದು ದಿನ ನೋಡಿ ಅಟ್ಟದಿಂದ ಹಿತ್ತಲವರೆಗೆ ಗುಡಿಸಿ ತೊಳೆದು, ಹಬ್ಬದ ದಿನ ಮಂಚ ಹಿಡಿಯುವುದು! ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕುರ್ಚಿ. ನೋವು ಬಂದ ಮೇಲೆ ಕೂರುವುದಲ್ಲ, ಗಡಿಯಾರ ನೋಡಿ ಕೂರುವುದು.

ಪೆಡಸುತನಕ್ಕೆ ಬಿಸಿ ಉಪ್ಪಿನ ಗಂಟಿನ ಶಾಖ 15 ನಿಮಿಷ. ಊದಿಕೊಂಡು ಬೆಚ್ಚಗಿದ್ದರೆ ಶಾಖ ಬೇಡ, ಬಟ್ಟೆ ಸುತ್ತಿದ ಐಸು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ಗೊತ್ತಾಗದು. ಗಂಟಿನ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಲಿ.

ಮಾತ್ರೆಯಲ್ಲಿ ಒಂದು ಎಚ್ಚರ: ಮೆಡಿಕಲ್ ಶಾಪಿನ ಎಷ್ಟೋ ನೋವಿನ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದರ ಮೇಲೆ ಪ್ಯಾರಾಸಿಟಮಾಲ್ ಇರುವ ಶೀತದ ಮಾತ್ರೆಯನ್ನೂ ನುಂಗಿದರೆ ಅದರ ಪ್ರಮಾಣ ದುಪ್ಪಟ್ಟಾದೀತು. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರುವಂತಿಲ್ಲ. ಲಿವರ್ ತೊಂದರೆಯಿದ್ದವರಿಗೆ ಇನ್ನೂ ಕಡಿಮೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ ಇದ್ದವರು ಡೈಕ್ಲೊಫೆನಾಕ್ ಜಾತಿಯ ಮಾತ್ರೆಯನ್ನು ಕೇಳದೆ ನುಂಗಬಾರದು.

ಮಂಡಿ ಕೆಂಪಾಗಿ ಜ್ವರ ಬಂದರೆ, ಕಾಲೂರಲು ಆಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬೆಳಿಗ್ಗೆ ಬೆರಳುಗಳ ಪೆಡಸು ಒಂದು ಗಂಟೆ ಮೀರುತ್ತಿದ್ದರೆ ಅದು ಸವೆತವಲ್ಲದೆ ಬೇರೆ ಬಗೆಯ ವಾತವಿರಬಹುದು, ಚಿಕಿತ್ಸೆಯೂ ಬೇರೆ.

ಹೆಸರು, ವಿಳಾಸ ಏನೂ ಇಲ್ಲದ ಪೊಟ್ಟಣದ ಪುಡಿ ತಿಂದು ಎರಡೇ ದಿನಕ್ಕೆ ನೋವು ಮಂಗಮಾಯವಾದರೆ ಖುಷಿಪಡಬೇಡಿ, ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಸಾಧ್ಯತೆಯಿದೆ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಉಳಿದ ಪೊಟ್ಟಣ ಬಿಸಾಡದೆ ಡಾಕ್ಟರಿಗೆ ತೋರಿಸಿ.