ಹನ್ನೆರಡು ಪಟ್ಟು ನಿಧಾನಕ್ಕೆ ನಡೆದಿದ್ದು

ಫ್ರೆಂಡ್ ಒಬ್ಬ ಸಿಟಿ ಲೈಫಿನ ಟೆನ್ಷನ್ ಬಗ್ಗೆ ಶಾರ್ಟ್ ಫಿಲ್ಮ್ ಮಾಡ್ತಿದ್ದ, ಕಥೆ ಇಲ್ಲ ಡೈಲಾಗ್ ಇಲ್ಲ, ಎಕ್ಸ್‌ಪೆರಿಮೆಂಟಲ್ ಅಂತೆ. ನಂಗೆ ಆ್ಯಕ್ಟಿಂಗ್ ಬರಲ್ಲ ಕಣೋ ಅಂದ್ರೆ, ಆ್ಯಕ್ಟಿಂಗ್ ಯಾರಿಗೆ ಬೇಕು ಮಾರಾಯ, ಸುಮ್ನೆ ನಡಿ ಸಾಕು ಅಂದ. ಸುಮ್ನೆ ನಡಿಯೋದು ಎಷ್ಟು ಕಷ್ಟ ಅಂತ ಆಫೀಸ್ ಟೈಮಲ್ಲಿ ಸ್ಕೈವಾಕ್ ಮೇಲೆ ನಿಂತಾಗ್ಲೇ ಗೊತ್ತಾಗಿದ್ದು.

ಅವನ ಐಡಿಯಾ ಏನಂದ್ರೆ, ಸೆಕೆಂಡಿಗೆ 2 ಫ್ರೇಮ್ ಮಾತ್ರ ತೆಗೆದು ಆಮೇಲೆ 24ರ ಲೆಕ್ಕದಲ್ಲಿ ಓಡಿಸೋದು, ಆಗ ಎಲ್ಲಾ 12 ಪಟ್ಟು ಸ್ಪೀಡ್ ಆಗುತ್ತೆ. ನಾನು ಮಾತ್ರ ಅಷ್ಟೇ ಪಟ್ಟು ನಿಧಾನಕ್ಕೆ ನಡೆದ್ರೆ ಸ್ಕ್ರೀನ್ ಮೇಲೆ ನಾರ್ಮಲ್ಲಾಗಿ ಕಾಣ್ತೀನಿ, ಸುತ್ತ ಜನ ಸುಂಟರಗಾಳಿ ಥರ ಹಾರ್ತಿರ್ತಾರೆ. ಹಗಲಲ್ಲೇ ಲೆನ್ಸಿಗೆ ಬೆಳಕು ಕಮ್ಮಿ ಮಾಡೋ ಎನ್‌ಡಿ ಫಿಲ್ಟರ್ ಹಾಕಿ ಒಂದೊಂದು ಫ್ರೇಮಿಗೂ ಕಾಲು ಸೆಕೆಂಡ್ ಎಕ್ಸ್‌ಪೋಷರ್ ಇಟ್ಟಿದ್ದ, ನಡೆಯೋರ ಮುಖ ಎಲ್ಲಾ ಬಣ್ಣ ಕಲಸಿದ ಹಾಗೆ ಬರ್ಲಿ ಅಂತ.

ಸ್ಕ್ರೀನಲ್ಲಿ ಅರ್ಧ ನಿಮಿಷದ ಶಾಟ್, ಅದಕ್ಕೆ ನಾನು ಆರು ನಿಮಿಷ ನಡಿಬೇಕು. ಒಂದು ಹೆಜ್ಜೆಗೆ ಆರೇಳು ಸೆಕೆಂಡ್. ಹಿಮ್ಮಡಿ ಎತ್ತಿ ಭಾರ ಎಲ್ಲಾ ಒಂದೇ ಕಾಲಿನ ಮೇಲೆ ಬಂದಾಗ ಮೀನಖಂಡ ಗಡಗಡ ಅನ್ನುತ್ತೆ, ಹಿಂದಿಂದ ಬ್ಯಾಗ್ ತಾಗುತ್ತೆ, ಯಾರೋ ಥತ್ ಅಂತ ಪಕ್ಕಕ್ಕೆ ಸರೀತಾರೆ. ತಪ್ಪು ಅವರದ್ದೂ ಅಲ್ಲ ಬಿಡಿ, ಎಂಟು ಗಂಟೆಗೆ ದಾರಿ ಮಧ್ಯ ಬಸವನಹುಳು ಥರ ಹೋಗೋನ ಕಂಡ್ರೆ ನಂಗೂ ಮೈ ಉರೀತಿತ್ತು. ಕಣ್ಣು ಮೇಲೆತ್ತಬೇಡ, ಫೋನೇ ನೋಡ್ತಿರು ಅಂತ ಬೇರೆ ಹೇಳಿದ್ದ, ರೆಪ್ಪೆ ಬಡಿಯೋದನ್ನ ಯಾರೂ ನಿಧಾನ ಮಾಡಕ್ಕಾಗಲ್ವಲ್ಲ, ಸ್ಪೀಡಾದಾಗ ಪಟಪಟ ಅಂತ ವಿಚಿತ್ರವಾಗಿ ಕಾಣುತ್ತಂತೆ.

ಅಷ್ಟರಲ್ಲಿ ವಯಸ್ಸಾದವರೊಬ್ಬರು ನಿಂತು "ಏನಪ್ಪಾ, ಹುಷಾರಿದ್ದೀಯಾ?" ಅಂದ್ರು. ಬಾಯಿ ಬಿಟ್ರೆ ಶಾಟ್ ಹೋಯ್ತು, ಸುಮ್ನಿದ್ದೆ. ಒಂದು ಹತ್ತು ಸೆಕೆಂಡ್ ನೋಡಿ ಹೋದ್ರು.

ಸಂಜೆ ಲ್ಯಾಪ್‌ಟಾಪಲ್ಲಿ ಹಾಕಿ ನೋಡಿದ್ವಿ. ಜನ ಅವನು ಅಂದ್ಕೊಂಡ ಹಾಗೇ ಬರೀ ಗೆರೆಗಳಾಗಿದ್ರು, ಆದ್ರೆ ನಾನು ಆರಾಮಾಗಿ ನಡೆಯೋ ಮನುಷ್ಯನ ಥರ ಇರ್ಲಿಲ್ಲ. ಬ್ಯಾಲೆನ್ಸ್ ಮಾಡಕ್ಕೆ ಆಚೆ ಈಚೆ ವಾಲಿದ್ದು, ಉಸಿರಾಡಿದ್ದು ಎಲ್ಲಾ 12 ಪಟ್ಟಾಗಿ ಇಡೀ ಮೈ ಜ್ವರ ಬಂದೋರ ಹಾಗೆ ನಡುಗ್ತಿದೆ. ಅವನಿಗೆ ಖುಷಿಯೋ ಖುಷಿ, ಹೇಳ್ಕೊಟ್ಟಿದ್ರೂ ಈ ಥರ ಮಾಡ್ತಿರ್ಲಿಲ್ಲ ನೀನು ಅಂತ.

ಆ ಹಿರಿಯರೂ ಇದ್ದಾರೆ. ಹತ್ತು ಸೆಕೆಂಡ್ ಅಂದ್ರೆ 20 ಫ್ರೇಮ್, ಸ್ಕ್ರೀನಲ್ಲಿ ಒಂದು ಸೆಕೆಂಡೂ ಇಲ್ಲ. ಆದ್ರೆ ನಿಂತಿದ್ದಕ್ಕೆ ಮುಖ ಎಷ್ಟು ಸ್ಪಷ್ಟವಾಗಿ ಬಂದಿದೆ ಅಂದ್ರೆ, ಹುಬ್ಬು ಗಂಟಿಕ್ಕಿದ್ದೂ ಕಾಣುತ್ತೆ. ಅದನ್ನ ಕಟ್ ಮಾಡ್ತೀನಿ, ಟೆನ್ಷನ್ ಒಡೆದೋಗುತ್ತೆ ಅಂತಾನೆ ಅವನು. ಅವರನ್ನ ಹುಡುಕಿ ಒಂದು ಮಾತು ಕೇಳಿ ಇಟ್ಕೊಳೋ, ಇಡೀ ಶಾಟಲ್ಲಿ ಇರೋದೇ ಅದೊಂದು ಮುಖ ಅಂತ ನಾನು. ಜಗಳ ಇನ್ನೂ ನಡೀತಾ ಇದೆ.